ಕೇಸ್ ಶೀಟಿನಲ್ಲಿ ಮಂಗಮ್ಮ

ನಿವೃತ್ತನಾದ ಮೇಲೆ ಎರಡು ಕಡೆ ಮೇಷ್ಟರ ಕೆಲಸ ನನಗೆ ಗಂಟುಬಿದ್ದಿದೆ. ಎರಡಕ್ಕೂ ಸಂಬಳವಿಲ್ಲ. ತಿಂಗಳಿಗೊಮ್ಮೆ ಗುರುವಾರ ಸಂಜೆ, ಎಂಟು ಹತ್ತು ಜನ ಮೆಡಿಕಲ್ ವಿದ್ಯಾರ್ಥಿಗಳ ಜೊತೆ ಕುಳಿತು ಒಂದು ಕಥೆ ಓದಿ, ಆಮೇಲೆ ಅವರ ಕೈಯಲ್ಲಿ ಒಂದು ಪುಟ ಬರೆಸುತ್ತೇನೆ. ಭಾನುವಾರ ಬೆಳಿಗ್ಗೆ ನಮ್ಮ ಕೂಟದ ಕನ್ನಡ ತರಗತಿಯಲ್ಲಿ ಹನ್ನೆರಡು ಹದಿಮೂರು ವರ್ಷದ ಮಕ್ಕಳಿಗೂ ಅದನ್ನೇ ಮಾಡಿಸುತ್ತೇನೆ. ಒಂದು ಕಡೆ ಇಂಗ್ಲಿಷ್, ಇನ್ನೊಂದು ಕಡೆ ಕನ್ನಡ. ಒಂದು ಕಡೆ ಕಾಫಿ, ಇನ್ನೊಂದು ಕಡೆ ಯಾರಾದರೂ ತಂದ ಉಪ್ಪಿಟ್ಟು. ಮಿಕ್ಕಂತೆ ಹೆಚ್ಚು ವ್ಯತ್ಯಾಸವಿಲ್ಲ. ಸಾಹಿತಿಗಳ ಕೃತಿಗಳನ್ನು ಇಟ್ಟುಕೊಂಡು ಬರವಣಿಗೆ ಕಲಿಸುವುದು ಎರಡೂ ಕಡೆಯ ಉದ್ದೇಶ.

ನನ್ನ ತಕರಾರು ಇರುವುದು, ಎರಡೂ ಕಡೆ ನಾವು ಕಥೆಯನ್ನು ಬಳಸುವ ರೀತಿಯ ಬಗ್ಗೆ. ಕನ್ನಡ ತರಗತಿಯಲ್ಲಿ ಕಥೆ ಮುಗಿದ ಕೂಡಲೆ ನಾವು ಕೇಳುವ ಪ್ರಶ್ನೆ, "ಈ ಕಥೆಯ ನೀತಿ ಏನು?" ಮೆಡಿಕಲ್ ಕಾಲೇಜಿನಲ್ಲಿ ಕೇಳುವ ಪ್ರಶ್ನೆ, "ಇದನ್ನು ಓದಿ ನಿಮಗೆ ಏನನ್ನಿಸಿತು?" ಎರಡೂ ಕೆಟ್ಟ ಪ್ರಶ್ನೆಗಳಲ್ಲ. ಆದರೆ ಎರಡಕ್ಕೂ ಉತ್ತರ ಕೊಡಲು ಕಥೆಯನ್ನು ಸರಿಯಾಗಿ ಓದಬೇಕಾಗಿಲ್ಲ. ಸುಳ್ಳು ಹೇಳಬಾರದು ಎನ್ನುವುದಕ್ಕೆ ಕಥೆ ಬೇಕೆ? ತುಂಬಾ ದುಃಖವಾಯಿತು ಎನ್ನುವುದಕ್ಕೆ ಬೇಕೆ? ಬರೆಯುವುದನ್ನು ಕಲಿಯಬೇಕಾದವನು ಕೇಳಬೇಕಾದದ್ದು ಬೇರೆ. ಈ ಲೇಖಕ ಎಲ್ಲಿ ನಿಂತು ಇದನ್ನು ನೋಡಿದ, ಏನನ್ನು ಇಟ್ಟುಕೊಂಡ, ಏನನ್ನು ಬಿಟ್ಟ, ಮೊದಲು ಹೇಳಬೇಕಾದದ್ದನ್ನು ಯಾಕೆ ಕೊನೆಗೆ ಹೇಳಿದ?

ಹೀಗೆ ಹೇಳುವ ಅರ್ಹತೆ ನನಗೆ ಸಾಹಿತ್ಯದ ಓದಿನಿಂದ ಬಂದದ್ದಲ್ಲ. ನಾನು 1976ರಲ್ಲಿ ಮೈಸೂರು ಮೆಡಿಕಲ್ ಕಾಲೇಜು ಸೇರಿದವನು. ಅಲ್ಲಿಂದ ಮುಂದೆ ನಾನು ಬರೆದದ್ದೆಲ್ಲ ಕೇಸ್ ಶೀಟು, ಡಿಸ್ಚಾರ್ಜ್ ಸಮ್ಮರಿ ಮತ್ತು ಇನ್ಶೂರೆನ್ಸ್ ಕಂಪನಿಗಳಿಗೆ ಕಾಗದ. ಆದರೆ ಆ ಕೇಸ್ ಶೀಟುಗಳಲ್ಲಿ ಒಂದನ್ನು ನಾನು ಎಷ್ಟು ಕೆಟ್ಟದಾಗಿ ಬರೆದೆ ಎಂದರೆ, ಮೂವತ್ತು ವರ್ಷ ಕಳೆದರೂ ಅದನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದೇನೆ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ವೈದ್ಯರಿಗೆ ಸಾಹಿತ್ಯ ಕಲಿಸುವ ಪದ್ಧತಿ ಈ ದೇಶದಲ್ಲಿ ಹೊಸದೇನಲ್ಲ. 1972ರಲ್ಲಿ ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿರುವ ಪೆನ್ ಸ್ಟೇಟ್ ಮೆಡಿಕಲ್ ಕಾಲೇಜು ಜೋನ್ ಟ್ರೌಟ್‌ಮನ್ ಎಂಬ ಸಾಹಿತ್ಯದ ಅಧ್ಯಾಪಕಿಯನ್ನು ನೇಮಿಸಿಕೊಂಡಿತು. ಮೆಡಿಕಲ್ ಕಾಲೇಜೊಂದರಲ್ಲಿ ಸಾಹಿತ್ಯಕ್ಕೆಂದೇ ಒಬ್ಬ ಅಧ್ಯಾಪಕರು ಬಂದದ್ದು ಅದೇ ಮೊದಲು. ಹತ್ತು ವರ್ಷದಲ್ಲಿ ಸಾಹಿತ್ಯ ಮತ್ತು ವೈದ್ಯಕ್ಕಾಗಿಯೇ ಒಂದು ಪತ್ರಿಕೆ ಹುಟ್ಟಿತು. ಇದಕ್ಕೆಲ್ಲ ಒಂದು ಗಟ್ಟಿ ರೂಪ ಬಂದದ್ದು ಕೊಲಂಬಿಯಾ ವಿಶ್ವವಿದ್ಯಾಲಯದ ರೀಟಾ ಶರಾನ್ ಅವರಿಂದ. ಈಕೆ ಇಂಟರ್ನಲ್ ಮೆಡಿಸಿನ್ ವೈದ್ಯೆ. ವೃತ್ತಿಯ ನಡುವೆಯೇ ಇಂಗ್ಲಿಷ್ ವಿಭಾಗಕ್ಕೆ ಹೋಗಿ, ಹೆನ್ರಿ ಜೇಮ್ಸ್ ಮೇಲೆ ಪ್ರಬಂಧ ಬರೆದು 1999ರಲ್ಲಿ ಡಾಕ್ಟರೇಟ್ ಪಡೆದರು. 'ನರೇಟಿವ್ ಮೆಡಿಸಿನ್' ಎಂಬ ಹೆಸರು ಅವರದೇ. ಅದೇ ಹೆಸರಿನ ಅವರ ಪುಸ್ತಕ ಬಂದದ್ದು 2006ರಲ್ಲಿ. 2009ರಿಂದ ಕೊಲಂಬಿಯಾದಲ್ಲಿ ಆ ವಿಷಯದಲ್ಲಿ ಮಾಸ್ಟರ್ಸ್ ಪದವಿಯೇ ಇದೆ.

ಶರಾನ್ ಅವರು 1993ರಲ್ಲಿ ಶುರು ಮಾಡಿದ ಒಂದು ಅಭ್ಯಾಸಕ್ಕೆ 'ಪ್ಯಾರಲಲ್ ಚಾರ್ಟ್' ಎಂದು ಹೆಸರು. ರೋಗಿಯ ಕೇಸ್ ಶೀಟು ಒಂದು ಕಡೆ ಇರಲಿ. ಅದರಲ್ಲಿ ಬರೆಯಲು ಜಾಗವಿಲ್ಲದ, ಆದರೆ ಎಲ್ಲಾದರೂ ಬರೆಯಲೇಬೇಕಾದ ಸಂಗತಿಗಳನ್ನು ವಿದ್ಯಾರ್ಥಿ ಇನ್ನೊಂದು ಹಾಳೆಯಲ್ಲಿ, ಸಾಮಾನ್ಯ ಭಾಷೆಯಲ್ಲಿ ಬರೆಯಬೇಕು. ಈ ಮುದುಕನನ್ನು ನೋಡಿದರೆ ನನ್ನ ತಾತನ ನೆನಪಾಗುತ್ತದೆ ಎಂಬಂಥದ್ದು. ಬರೆದದ್ದನ್ನು ಗುಂಪಿನಲ್ಲಿ ಗಟ್ಟಿಯಾಗಿ ಓದಬೇಕು. ಬಹಳ ಒಳ್ಳೆಯ ಅಭ್ಯಾಸ. ಶರಾನ್ ಅವರು ಅಲ್ಲಿಗೇ ನಿಲ್ಲಿಸುವುದಿಲ್ಲ ಎಂಬುದನ್ನೂ ಹೇಳಬೇಕು. ಬರಹದ ಚೌಕಟ್ಟು, ರೂಪ, ಕಾಲ, ಕಥಾವಸ್ತು, ಆಸೆ, ಈ ಐದನ್ನೂ ನೋಡಿ ಓದಿ ಎನ್ನುವುದು ಅವರ ಕಟ್ಟುನಿಟ್ಟು. ಆದರೆ ಅವರ ಪದ್ಧತಿ ಊರೂರಿನ ಆಸ್ಪತ್ರೆಗಳಿಗೆ ಹರಡುವಾಗ ಕಟ್ಟುನಿಟ್ಟು ಹೋಗಿ ಕಣ್ಣೀರು ಮಾತ್ರ ಉಳಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಥೆ ಓದಿದರೆ ಕರುಣೆ ಬರುತ್ತದೆ, ಕರುಣೆ ಬಂದರೆ ಒಳ್ಳೆಯ ಡಾಕ್ಟರಾಗುತ್ತಾರೆ ಎಂಬ ಸುಲಭ ಲೆಕ್ಕ. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ, ಒಳ್ಳೆಯ ಕಥೆ ಓದಿದವರು ಇತರರ ಮನಸ್ಸನ್ನು ಅರಿಯುವ ಪರೀಕ್ಷೆಯಲ್ಲಿ ಕೂಡಲೆ ಹೆಚ್ಚು ಅಂಕ ಪಡೆದರು ಎಂದಿತು. ಎಲ್ಲ ಸಭೆಗಳಲ್ಲೂ ಅದನ್ನು ಉದ್ಧರಿಸಿದರು. 2016ರಲ್ಲಿ ಬೇರೆ ಸಂಶೋಧಕರು ಅದನ್ನೇ ಮತ್ತೆ ಮಾಡಿ ನೋಡಿದಾಗ ಆ ಫಲಿತಾಂಶ ಸಿಗಲಿಲ್ಲ. ಅದನ್ನು ಅಷ್ಟು ಜನ ಉದ್ಧರಿಸಲಿಲ್ಲ. ಒಂದು ಕಥೆಯನ್ನು ಮಾತ್ರೆಯ ಹಾಗೆ ನುಂಗಿಸಿ ಅರ್ಧ ಗಂಟೆಯಲ್ಲಿ ಗುಣ ನೋಡುವುದು ವೈದ್ಯರಾದ ನಮಗೇ ಹೊಳೆಯಬೇಕಾಗಿದ್ದ ಹುಚ್ಚು.

ಹಾಗಾದರೆ ಕಥೆಯಿಂದ ಕಲಿಯುವುದೇನು? ನನ್ನ ಗುರುವಾರದ ಗುಂಪಿನಲ್ಲಿ ನಾನು ಯಾವಾಗಲೂ ಚೆಕಾಫ್‌ನಿಂದ ಶುರು ಮಾಡುತ್ತೇನೆ. ಚೆಕಾಫ್ 1884ರಲ್ಲಿ ಮಾಸ್ಕೋದಲ್ಲಿ ವೈದ್ಯ ಪದವಿ ಪಡೆದವನು. 1890ರಲ್ಲಿ ಸಖಾಲಿನ್ ದ್ವೀಪದ ಕೈದಿಗಳ ವಸಾಹತಿಗೆ ಹೋಗಿ, ಮನೆಮನೆ ತಿರುಗಿ, ಸುಮಾರು 10,000 ಜನರ ವಿವರಗಳನ್ನು ಕಾರ್ಡುಗಳಲ್ಲಿ ತುಂಬಿಸಿದೆ ಎಂದು ಹೇಳಿಕೊಂಡವನು. ಅಂದರೆ ಫಾರಂ ತುಂಬುವ ಕಷ್ಟ ಗೊತ್ತಿದ್ದವನು. 1886ರಲ್ಲಿ ಅವನು ಬರೆದ ಒಂದು ಚಿಕ್ಕ ಕಥೆ ಇಂಗ್ಲಿಷಿನಲ್ಲಿ 'ಮಿಸರಿ' ಎಂದು ಪ್ರಸಿದ್ಧ. ಇಯೋನಾ ಎಂಬ ಮುದಿ ಜಾರುಬಂಡಿಯವನ ಮಗ ಅದೇ ವಾರ ಜ್ವರದಿಂದ ಸತ್ತಿದ್ದಾನೆ. ಹಿಮ ಬೀಳುವ ರಾತ್ರಿ ಅವನು ಗಿರಾಕಿಗಳನ್ನು ಕೂರಿಸಿಕೊಂಡು ಓಡಾಡುತ್ತಾ, ಮಗ ತೀರಿಕೊಂಡ ಎಂದು ಒಬ್ಬೊಬ್ಬರ ಹತ್ತಿರ ಬಾಯಿ ತೆಗೆಯುತ್ತಾನೆ. ಯಾರಿಗೂ ಪುರುಸೊತ್ತಿಲ್ಲ. ಕೊನೆಗೆ ಲಾಯದಲ್ಲಿ ತನ್ನ ಕುದುರೆಗೆ ಹೇಳಿಕೊಳ್ಳುತ್ತಾನೆ.

ವಿದ್ಯಾರ್ಥಿಗಳು ಸಾಮಾನ್ಯವಾಗಿ ಕುದುರೆಯ ಹತ್ತಿರ ಬಂದಾಗ ಕಣ್ಣೊರೆಸಿಕೊಳ್ಳುತ್ತಾರೆ. ನಾನು ಅವರನ್ನು ಒಂದು ಪುಟ ಹಿಂದಕ್ಕೆ ಕರೆದುಕೊಂಡು ಹೋಗುತ್ತೇನೆ. ಯಾರಾದರೂ ಕೇಳಿದ್ದರೆ ಇಯೋನಾ ಏನೇನು ಹೇಳಬೇಕೆಂದಿದ್ದ ಎಂದು ಚೆಕಾಫ್ ಅಲ್ಲಿ ಪಟ್ಟಿ ಕೊಡುತ್ತಾನೆ. ಮಗನಿಗೆ ಕಾಯಿಲೆ ಹೇಗೆ ಶುರುವಾಯಿತು, ಎಷ್ಟು ನರಳಿದ, ಸಾಯುವ ಮೊದಲು ಏನು ಹೇಳಿದ, ಹೇಗೆ ಸತ್ತ. ಆಮೇಲೆ ಮಣ್ಣು ಮಾಡಿದ್ದು. ಮಗನ ಬಟ್ಟೆ ತರಲು ಆಸ್ಪತ್ರೆಗೆ ಹೋದದ್ದು. ಊರಿನಲ್ಲಿ ಉಳಿದ ಮಗಳು ಅನೀಸ್ಯಾಳ ವಿಷಯ. ಈ ಪಟ್ಟಿಯನ್ನು ಬೋರ್ಡಿನ ಮೇಲೆ ಬರೆದು ಅದರ ಪಕ್ಕ ನಮ್ಮ ಕೇಸ್ ಶೀಟಿನ ಕ್ರಮವನ್ನು ಬರೆಯಿರಿ: ಈಗಿನ ಕಾಯಿಲೆಯ ಚರಿತ್ರೆ, ಅದರ ಬೆಳವಣಿಗೆ, ಕುಟುಂಬದ ಚರಿತ್ರೆ, ಸಾಮಾಜಿಕ ಚರಿತ್ರೆ. ಹೆಚ್ಚುಕಡಿಮೆ ಒಂದೇ! ಆ ವಾರವಿಡೀ ಒಬ್ಬ ಮುದುಕ ತನ್ನ ಮಗನ ಕೇಸ್ ಶೀಟನ್ನು ಪೂರ್ತಿ ಸಿದ್ಧಮಾಡಿಕೊಂಡು ಊರೆಲ್ಲ ಸುತ್ತಿದ್ದಾನೆ, ಬರೆದುಕೊಳ್ಳುವವರು ಸಿಕ್ಕಿಲ್ಲ. ಚೆಕಾಫ್‌ನ ಪಟ್ಟಿಯಲ್ಲಿದ್ದು ನಮ್ಮಲ್ಲಿ ಇಲ್ಲದ ಸಾಲು ಒಂದೇ, ಬಟ್ಟೆ ತರಲು ಹೋದದ್ದು. ನಮ್ಮ ಫಾರಂ ರೋಗಿ ಸತ್ತ ಕ್ಷಣದಲ್ಲಿ ಮುಗಿಯುತ್ತದೆ. ಆಸ್ಪತ್ರೆಯ ಕೌಂಟರಿನಲ್ಲಿ ಒಂದು ಗಂಟು ಬಟ್ಟೆ ಉಳಿದಿರುತ್ತದೆ, ಅದನ್ನು ಯಾರೋ ಬಂದು ಸಹಿ ಹಾಕಿ ಒಯ್ಯಬೇಕು ಎಂದು ಚೆಕಾಫ್‌ಗೆ ಗೊತ್ತಿತ್ತು. ಅವನು ಆ ಗಂಟಿಗೆ ಒಂದು ವಿಶೇಷಣವನ್ನೂ ಹಚ್ಚುವುದಿಲ್ಲ.

ಒಬ್ಬ ವಿದ್ಯಾರ್ಥಿನಿ ತನ್ನ ಒಂದು ಪುಟದ ಬರಹದಲ್ಲಿ 'ಹೃದಯವಿದ್ರಾವಕ' ಎಂಬ ಅರ್ಥದ ಮಾತನ್ನು ಮೂರು ಸಲ ಬಳಸಿದ್ದಳು. ಮೂರನ್ನೂ ಹೊಡೆದುಹಾಕಿ, ಅಲ್ಲಿ ನೀನು ಕಣ್ಣಿಂದ ಕಂಡದ್ದೇನು ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿ, ರೋಗಿ ನಾಲ್ಕು ದಿನದಿಂದ ತನ್ನ ಚೀಲ ಬಿಚ್ಚಿರಲಿಲ್ಲ, ಇವತ್ತೇ ಮನೆಗೆ ಕಳಿಸುತ್ತಾರೆ ಎಂದು ದಿನವೂ ಕಾಯುತ್ತಿದ್ದರು ಎಂದಳು. ಅದನ್ನು ಬರೆಯಮ್ಮ, ಮಿಕ್ಕದ್ದನ್ನು ಬಿಡು ಎಂದೆ.

ಈಗ ನನ್ನ ಕೇಸ್ ಶೀಟಿನ ವಿಷಯ. 1988ರ ಚಳಿಗಾಲ. ನಾನು ರೆಸಿಡೆಂಟ್. ರಾತ್ರಿ ಪಾಳಿಯಲ್ಲಿ ತುರ್ತು ವಿಭಾಗದವರು ನನ್ನನ್ನು ಕರೆದರು, ನಿನ್ನ ಭಾಷೆಯ ಹೆಂಗಸು ಬಂದಿದ್ದಾಳೆ ಎಂದು. (ಗುರುತು ಹತ್ತದಂತೆ ಕೆಲವು ವಿವರ ಬದಲಿಸಿದ್ದೇನೆ.) ಮಂಡ್ಯದ ಕಡೆಯವರು, ಅರವತ್ತು ದಾಟಿದವರು, ಮಗನ ಮನೆಗೆ ಸೊಸೆಯ ಬಾಣಂತನಕ್ಕೆ ಬಂದವರು. ಎದೆ ಹಿಡಿದುಕೊಳ್ಳುತ್ತದೆ. ಏನಾಯಿತಮ್ಮ ಎಂದು ನಾನು ಕನ್ನಡದಲ್ಲಿ ಕೇಳಿದ್ದೇ ತಡ, ಅವರ ಮುಖ ಅರಳಿತು. "ಏನಂತ ಯೋಳ್ಳಪ್ಪ, ಕೂಸು ಮುಂಚೆ ಬಂದ್ಬುಡ್ತು" ಎಂದು ಶುರು ಮಾಡಿದರು. ಮಗು ಇನ್‌ಕ್ಯುಬೇಟರಿನಲ್ಲಿದ್ದದ್ದು, ಸೊಸೆಗೆ ಹಾಲು ಸಾಲದ್ದು, ಅದಕ್ಕೆ ಇವರ ಟಿಕೀಟು ಎರಡು ತಿಂಗಳು ಮುಂದಕ್ಕೆ ಹಾಕಿಸಿದ್ದು, ಬರುವಾಗ ಚೀಲದಲ್ಲಿ ಏನೇನು ಎಣಿಸಿ ತಂದಿದ್ದೆ ಎನ್ನುವುದು. ನನಗೆ ಇನ್ನೂ ಆರು ರೋಗಿಗಳಿದ್ದರು. ನಾನು ತಡೆದು, ನೋವು ಯಾವಾಗಿನಿಂದ, ಭುಜಕ್ಕೆ ಹರಿಯುತ್ತದೆಯೆ, ಬೆವರು ಬರುತ್ತದೆಯೆ ಎಂದು ಕೇಳಿದೆ. ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದದ್ದಕ್ಕೆ ಪಕ್ಕದಲ್ಲಿದ್ದ ಮಗ ಇಂಗ್ಲಿಷಿನಲ್ಲಿ, ಹೌದು, ಅಟೆನೊಲಾಲ್ ತೆಗೆದುಕೊಳ್ಳುತ್ತಾರೆ ಎಂದರು. ತಾಯಿಯೂ ತಲೆಯಾಡಿಸಿ ಒಂದು ಮಾತು ಹೇಳಿದರು: "ತಗಂತಿದ್ದೆ ಕಣಪ್ಪ."

ನಾನು ಬರೆದದ್ದು ಹೀಗೆ: ರೋಗಿ ಅಟೆನೊಲಾಲ್ 50 ಮಿಲಿಗ್ರಾಂ ತೆಗೆದುಕೊಳ್ಳುತ್ತಾರೆ. ವಿವರ ಹೇಳುವುದರಲ್ಲಿ ಸ್ಪಷ್ಟತೆ ಇಲ್ಲ. ನಮ್ಮ ವೃತ್ತಿಯಲ್ಲಿ ಇಂಥವರನ್ನು 'ಪೂರ್ ಹಿಸ್ಟೋರಿಯನ್' ಎಂದು ಬರೆಯುವುದು ರೂಢಿ, ನಾನೂ ಹಾಗೇ ಬರೆದೆ.

ಆಸ್ಪತ್ರೆಯಲ್ಲಿ ನಾವು ಆ ಮಾತ್ರೆ ಕೊಟ್ಟೆವು, ನೋವು ನಿಂತಿತು, ಎರಡು ದಿನಕ್ಕೆ ಮನೆಗೆ ಕಳಿಸಿದೆವು. ಕಾಗದದ ಮೇಲೆ, ಮನೆಯ ಮಾತ್ರೆಗಳನ್ನೇ ಮುಂದುವರಿಸಿ ಎಂದು ನಾನೇ ಸಹಿ ಹಾಕಿದೆ. ಎಂಟು ದಿನದ ಮೇಲೆ ಅವರು ಹೃದಯಾಘಾತವಾಗಿ ಮತ್ತೆ ಬಂದರು. ಬದುಕಿಕೊಂಡರು. ಐಸಿಯುನಿಂದ ವಾರ್ಡಿಗೆ ಬಂದ ದಿನ ನಾನು ಹೋಗಿ ಕುಳಿತು, ಏನಾಯಿತಮ್ಮ ಎಂದು ಮತ್ತೆ ಕೇಳಿದೆ. ಅವರು ಮತ್ತೆ ಕೂಸು ಮುಂಚೆ ಬಂದದ್ದರಿಂದಲೇ ಶುರು ಮಾಡಿದರು. ಅದೇ ಮಾತು, ಅದೇ ಕ್ರಮ. ಈ ಸಲ ನಾನು ತಡೆಯಲಿಲ್ಲ. ಊರಿನ ಡಾಕ್ಟರು ಮೂರು ತಿಂಗಳಿಗೆ ಲೆಕ್ಕ ಹಾಕಿ ಮಾತ್ರೆ ಕೊಟ್ಟಿದ್ದರು. ಟಿಕೆಟ್ ಮುಂದಕ್ಕೆ ಹೋಯಿತು. ಇವರು ಒಂದನ್ನು ಎರಡು ತುಂಡು ಮಾಡಿ ನುಂಗುತ್ತಾ ಬಂದರು. ಆಮೇಲೆ ಅದೂ ಮುಗಿಯಿತು. ಮೊಮ್ಮಗುವಿನ ಆಸ್ಪತ್ರೆಗೇ ಮಗ ಇಷ್ಟು ದುಡ್ಡು ಸುರಿಯುತ್ತಿರುವಾಗ ನನಗೂ ಮಾತ್ರೆ ತಾ ಎನ್ನುವುದು ಹೇಗೆ ಎಂದು ಸುಮ್ಮನಾದರು. ಈ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಿದರೆ ಎದೆನೋವು ಉಲ್ಬಣಿಸಬಹುದು ಎಂದು ಎರಡನೆ ವರ್ಷದ ವಿದ್ಯಾರ್ಥಿಗೂ ಗೊತ್ತು.

"ತಗಂತಿದ್ದೆ" ಎಂದಿದ್ದರು. "ತಗಂತೀನಿ" ಎಂದಿರಲಿಲ್ಲ. ಇಡೀ ಕಟ್ಟಡದಲ್ಲಿ ಆ ಕ್ರಿಯಾಪದದ ಕಾಲ ತಿಳಿಯಬಲ್ಲವರು ಅವರ ಮಗನನ್ನು ಬಿಟ್ಟರೆ ನಾನೊಬ್ಬನೇ. ನಾನು ಅದನ್ನು ಭೂತಕಾಲದಲ್ಲಿ ಕೇಳಿಸಿಕೊಂಡು ವರ್ತಮಾನಕಾಲದಲ್ಲಿ ಬರೆದೆ. ಟಿಕೀಟಿನ ಮಾತೇ ರೋಗನಿದಾನವಾಗಿತ್ತು, ನಾನು ಅದನ್ನು ಹರಟೆ ಎಂದುಕೊಂಡೆ.

ಇದಾಗಿ ಎಷ್ಟೋ ವರ್ಷದ ಮೇಲೆ, ಒಂದು ಬೇಸಿಗೆ ಮೈಸೂರಿಗೆ ಹೋದಾಗ ಮಾಸ್ತಿಯವರ ಸಣ್ಣ ಕಥೆಗಳನ್ನು ಕೊಂಡು ತಂದು, 'ಮೊಸರಿನ ಮಂಗಮ್ಮ'ವನ್ನು ಮತ್ತೆ ಓದಿದೆ. ವಿದ್ಯಾರ್ಥಿಯಾಗಿದ್ದಾಗ ಅತ್ತೆ ಸೊಸೆ ಜಗಳದ ಕಥೆ ಎಂದು ಓದಿ ಮುಗಿಸಿದ್ದೆ. ಈ ಸಲ ಬೇರೆಯಾಗಿ ಕಂಡಿತು. ಕಥೆ ನಿಮಗೆಲ್ಲ ಗೊತ್ತಿರುವುದೇ. ಮಂಗಮ್ಮ ಹಳ್ಳಿಯಿಂದ ಬೆಂಗಳೂರಿಗೆ ಮೊಸರು ತಂದು ಮಾರುವವಳು. ಒಂದು ಮನೆಯ ಗೃಹಿಣಿಯ ಹತ್ತಿರ ಕುಳಿತು ಸುಖದುಃಖ ಹೇಳಿಕೊಳ್ಳುತ್ತಾಳೆ. ಮೊಮ್ಮಗನನ್ನು ಸೊಸೆ ಹೊಡೆದಳೆಂದು ಜಗಳವಾಗಿ ಮನೆ ಬೇರೆಯಾಗುತ್ತದೆ. ಒಂಟಿಯಾದವಳು ತನಗೊಂದು ವೆಲ್ವೆಟ್ ಜಾಕೀಟು ಹೊಲಿಸಿಕೊಳ್ಳುತ್ತಾಳೆ. ದಾರಿಯಲ್ಲಿ ರಂಗಪ್ಪ ಎಂಬವನು ಮಾತಿಗೆ ನಿಲ್ಲಿಸುತ್ತಾನೆ. ಕೊನೆಗೆ ಮೊಮ್ಮಗನ ನೆಪದಲ್ಲಿ ಎಲ್ಲ ಒಂದಾಗಿ, ಸೊಸೆ ನಂಜಮ್ಮನೇ ಮೊಸರು ಹೊರುತ್ತಾಳೆ.

ಇಡೀ ಕಥೆ ಒಬ್ಬರು ಹೇಳುವುದನ್ನು ಇನ್ನೊಬ್ಬರು ಕೇಳಿ ಬರೆದುಕೊಂಡದ್ದು. ಕೇಸ್ ಶೀಟೂ ಅಷ್ಟೇ ತಾನೆ? ಮಂಗಮ್ಮ ಒಂದೇ ದಿನ ಎಲ್ಲ ಹೇಳುವುದಿಲ್ಲ. ಇವತ್ತು ಸ್ವಲ್ಪ, ಮೊಸರು ತಂದ ಇನ್ನೊಂದು ದಿನ ಇನ್ನಷ್ಟು. ತಲೆಗೆ ಕಾಗೆ ತಾಗಿದ್ದನ್ನೂ ಹೇಳುತ್ತಾಳೆ. ಕಾಗೆ ಮುಟ್ಟಿದರೆ ಸಾವು ಹತ್ತಿರ ಎಂಬ ಹೆದರಿಕೆ. ನನ್ನಂಥ ರೆಸಿಡೆಂಟ್ ಆಗಿದ್ದರೆ ಕಾಗೆಯನ್ನು ಮೊದಲು ಹೊಡೆದುಹಾಕುತ್ತಿದ್ದೆ, ಆಮೇಲೆ ಜಾಕೀಟನ್ನು. ಆ ಎರಡೂ ಹೋದರೆ ಉಳಿಯುವುದು, ಸೊಸೆಯೊಡನೆ ಮನಸ್ತಾಪವಿರುವ ಒಬ್ಬ ವಿಧವೆ. ಮಂಗಮ್ಮನ ಒಂಟಿತನ ಇರುವುದೆಲ್ಲ ಆ ಕಾಗೆಯಲ್ಲಿ ಮತ್ತು ಆ ಜಾಕೀಟಿನಲ್ಲಿ. ಮಾಸ್ತಿಯವರು 'ಒಂಟಿತನ' ಎಂದು ಉಪನ್ಯಾಸ ಮಾಡುವುದಿಲ್ಲ.

ಇನ್ನೂ ಒಂದು ಕೆಲಸ ಮಾಸ್ತಿಯವರು ಮಾಡುತ್ತಾರೆ. ಓದುಗರು ಮಂಗಮ್ಮನ ಪಕ್ಷ ಹಿಡಿದು ಆರಾಮಾಗಿ ಕುಳಿತಿರುವಾಗ, ಕೊನೆಯಲ್ಲಿ ನಂಜಮ್ಮನನ್ನು ಅದೇ ಮನೆಗೆ ಕರೆತಂದು ಅವಳಿಂದಲೂ ಮಾತಾಡಿಸುತ್ತಾರೆ. ಅವಳ ಮಾತಿನಲ್ಲೂ ನ್ಯಾಯವಿದೆ. ನಾವು ಅಷ್ಟು ಹೊತ್ತು ನಂಬಿದ್ದು ಒಬ್ಬರ ಹೇಳಿಕೆಯನ್ನು ಮಾತ್ರ ಎಂದು ಆಗ ಗೊತ್ತಾಗುತ್ತದೆ. ಕೇಳಿಸಿಕೊಂಡಾಕೆ ಇಬ್ಬರಲ್ಲಿ ಯಾರನ್ನೂ ಸುಳ್ಳುಗಾರ್ತಿ ಎನ್ನುವುದಿಲ್ಲ. ಮಾಸ್ತಿಯವರು ಮೈಸೂರು ಸರ್ಕಾರದಲ್ಲಿ ದೊಡ್ಡ ಅಧಿಕಾರಿಯಾಗಿದ್ದವರು, ದಿನವೂ ಎರಡು ಕಡೆಯವರ ಅಹವಾಲು ಕೇಳಿದವರು. ಆ ಅಭ್ಯಾಸ ಕಥೆಗೆ ಬಂದಿರಬಹುದು ಎಂದು ನನ್ನ ಊಹೆ.

ಈ ಕಥೆಯನ್ನು ಒಂದು ವಾರ ಕುಳಿತು ನನ್ನ ಒರಟು ಇಂಗ್ಲಿಷಿಗೆ ತಂದು ಗುರುವಾರದ ಗುಂಪಿಗೆ ಕೊಟ್ಟೆ. ನನ್ನ ಕೇಸ್ ಶೀಟಿನ ಕಥೆಯನ್ನೂ ಹೇಳಿದೆ. ಆಮೇಲೆ ಅಭ್ಯಾಸ: ಈ ವಾರ ಒಬ್ಬ ರೋಗಿ ಹೇಳಿದ್ದನ್ನು ಅವರದೇ ಕ್ರಮದಲ್ಲಿ ಬರೆದು ತನ್ನಿ, ಅದರಲ್ಲಿ ಕಾಗೆ ಎಲ್ಲಿದೆ ಹುಡುಕಿ. ಒಬ್ಬ ಹುಡುಗ ಎದ್ದು ನಿಂತ. "ಡಾಕ್ಟರ್, ನಮಗೆ ಒಬ್ಬ ರೋಗಿಗೆ ಸಿಗುವುದು ಹದಿನೈದು ನಿಮಿಷ. ಅದರಲ್ಲಿ ಅರ್ಧ ಕಂಪ್ಯೂಟರಿಗೆ. ಮಂಗಮ್ಮನನ್ನು ಎಲ್ಲಿ ಕೂರಿಸಲಿ?" ಎಂದ. ಸಾಹಿತ್ಯ ಮತ್ತು ವೈದ್ಯದ ಸಭೆಗಳಲ್ಲಿ ಈ ಪ್ರಶ್ನೆ ಬಂದಾಗ ವೇದಿಕೆಯ ಮೇಲಿದ್ದವರು ಸಾಮಾನ್ಯವಾಗಿ ವ್ಯವಸ್ಥೆಯನ್ನು ಬೈದು ಮುಂದೆ ಹೋಗುತ್ತಾರೆ. ನಾನೂ ಬೈಯಬಲ್ಲೆ. ಆದರೆ ಆ ಹುಡುಗ ನಾಳೆ ಬೆಳಿಗ್ಗೆ ಏಳು ಗಂಟೆಗೆ ವಾರ್ಡಿನಲ್ಲಿರಬೇಕು.

ನಾವು ಒಟ್ಟಿಗೆ ಒಂದು ಲೆಕ್ಕ ಮಾಡಿದೆವು. 1988ರಲ್ಲಿ ನಾನು ಬರೆದ ಟಿಪ್ಪಣಿ ಅರ್ಧ ಪುಟವಿತ್ತು. ನಾನು ಬರೆಯಬೇಕಾಗಿದ್ದದ್ದು ಇಷ್ಟೇ: ಭೇಟಿ ಮೂರು ತಿಂಗಳಿಂದ ಐದು ತಿಂಗಳಿಗೆ ಬೆಳೆಯಿತು, ತಂದ ಅಟೆನೊಲಾಲ್ ಮೊದಲು ಅರ್ಧವಾಗಿ ಆಮೇಲೆ ಪೂರ್ತಿ ಮುಗಿಯಿತು, ಮಗನಿಗೆ ತಿಳಿಸಿಲ್ಲ. ಅರ್ಧ ಪುಟಕ್ಕಿಂತ ಇದು ಚಿಕ್ಕದು. ಕಥೆಗಾರರಿಂದ ಕಲಿಯುವುದು ಉದ್ದ ಬರೆಯುವುದನ್ನಲ್ಲ, ನೂರರಲ್ಲಿ ಒಂದನ್ನು ಆರಿಸುವುದನ್ನು. ಮಾಸ್ತಿಯವರೂ ಮಂಗಮ್ಮ ಹೇಳಿದ್ದನ್ನೆಲ್ಲ ಬರೆದಿಲ್ಲ. ಕೇಳುವ ಹದಿನೈದು ನಿಮಿಷ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಮಾತ್ರ ನಾನು ಆ ಹುಡುಗನಿಗೆ ಉತ್ತರ ಕೊಡಲಾಗಲಿಲ್ಲ, ಈಗಲೂ ಕೊಡಲಾರೆ. ಮೊದಲ ಎರಡು ನಿಮಿಷ ತಡೆಯಬೇಡ ಎಂದಷ್ಟೇ ಹೇಳಿದೆ.

ಇನ್ನೊಬ್ಬಳು ಕೇಳಿದ ಪ್ರಶ್ನೆ ಇದಕ್ಕಿಂತ ಚುಚ್ಚಿತು. ಬರೆಯುತ್ತಾರೆ ಎಂದು ಮಂಗಮ್ಮನಿಗೆ ಗೊತ್ತಿತ್ತೆ? ಕೇಳುವಾಕೆ ಅನುಕೂಲಸ್ಥರ ಮನೆಯಾಕೆ, ಹೇಳುವಾಕೆ ಬುಟ್ಟಿ ಹೊತ್ತು ಬಂದವಳು. ಪ್ರೀತಿ ಇದೆ ನಿಜ, ಲೇಖನಿ ಮಾತ್ರ ಒಬ್ಬರ ಕೈಯಲ್ಲಿದೆ. ಮಂಗಮ್ಮ ಆ ಕಥೆ ಓದಿದ್ದರೆ ಜಾಕೀಟಿನ ವಿಷಯ ಬರೆದದ್ದಕ್ಕೆ ಏನನ್ನುತ್ತಿದ್ದಳೋ. ಕಥೆಯ ಮಟ್ಟಿಗೆ ಇದನ್ನು ಮಿತಿ ಎನ್ನಬಹುದು, ನಮ್ಮ ಮಟ್ಟಿಗೆ ಇದು ಈಗ ಕಾನೂನಿನ ವಿಷಯ. 2010ರಲ್ಲಿ ಬಾಸ್ಟನ್, ಪೆನ್ಸಿಲ್ವೇನಿಯಾ ಮತ್ತು ಸಿಯಾಟಲ್‌ನ ಕೆಲವು ವೈದ್ಯರು ತಮ್ಮ ಟಿಪ್ಪಣಿಗಳನ್ನು ರೋಗಿಗಳಿಗೇ ಓದಲು ಕೊಟ್ಟು ಪ್ರಯೋಗ ಮಾಡಿದರು. 2021ರ ಏಪ್ರಿಲ್‌ನಿಂದ ದೇಶದಾದ್ಯಂತ ಅದು ರೋಗಿಯ ಹಕ್ಕಾಗಿದೆ. ನಾವು ಬರೆದ ಗಳಿಗೆಯಲ್ಲೇ ಅವರು ಫೋನಿನಲ್ಲಿ ಓದಬಹುದು. ರೋಗಿ ಮದ್ಯಪಾನ 'ನಿರಾಕರಿಸುತ್ತಾನೆ' ಎಂದು ನಾವು ರೂಢಿಯಿಂದ ಬರೆಯುತ್ತಿದ್ದೆವು, ಸುಳ್ಳು ಹೇಳುತ್ತಿದ್ದಾನೆ ಎಂಬ ವಾಸನೆ ಅದರಲ್ಲಿದೆ ಎಂದು ಅವರು ಓದತೊಡಗಿದ ಮೇಲೆ ನಮಗೆ ಹೊಳೆಯಿತು. 'ಪೂರ್ ಹಿಸ್ಟೋರಿಯನ್' ಕೂಡ ಹಾಗೇ. ಚರಿತ್ರೆ ಬರೆಯುವವನು ತಾನೆ ಚರಿತ್ರಕಾರ? ಆ ರಾತ್ರಿ ಆ ಬಿರುದು ಯಾರಿಗೆ ಸಲ್ಲಬೇಕಾಗಿತ್ತು ಎಂದು ವಿದ್ಯಾರ್ಥಿಗಳು ಸೌಜನ್ಯದಿಂದ ಕೇಳಲಿಲ್ಲ.

ಇನ್ನು ನಮ್ಮ ಭಾನುವಾರದ ತರಗತಿ. ಇಲ್ಲಿ ನಾವು ಬಳಸುವ ಪುಸ್ತಕಗಳಲ್ಲಿ ಒಂದು ಅನುಪಮಾ ನಿರಂಜನ ಅವರ 'ದಿನಕ್ಕೊಂದು ಕಥೆ'. ಅವರೂ ವೈದ್ಯರೇ. 'ತಾಯಿ-ಮಗು' ಬರೆದು ಕನ್ನಡದ ಎಷ್ಟೋ ಮನೆಗಳಲ್ಲಿ ಅಜ್ಜಿಯ ಪಕ್ಕ ಜಾಗ ಪಡೆದವರು. ಅವರ ಕಥೆಗಳನ್ನು ಮಕ್ಕಳು ಖುಷಿಯಿಂದ ಓದುತ್ತಾರೆ. ಆಮೇಲೆ ನಾವು ನೀತಿ ಕೇಳುತ್ತೇವೆ, ಅವರು ನೀತಿ ಹೇಳುತ್ತಾರೆ, ಖುಷಿ ಅಲ್ಲಿಗೆ ಮುಗಿಯುತ್ತದೆ. ಕನ್ನಡದಲ್ಲಿ ಬರೆ ಎಂದರೆ ಅವರು ಬರೆಯುವುದೂ ನೀತಿಯ ಭಾಷೆಯಲ್ಲೇ. 'ನನ್ನ ಅಜ್ಜಿ' ಎಂದು ಬರೆಸಿದಾಗ ಹನ್ನೊಂದು ಮಕ್ಕಳಲ್ಲಿ ಒಂಬತ್ತು ಜನ ಬರೆದದ್ದು, ನನ್ನ ಅಜ್ಜಿ ತುಂಬಾ ಒಳ್ಳೆಯವರು, ಅವರಿಗೆ ನನ್ನನ್ನು ಕಂಡರೆ ತುಂಬಾ ಪ್ರೀತಿ, ಅವರು ರುಚಿಯಾದ ಅಡಿಗೆ ಮಾಡುತ್ತಾರೆ. ಒಂಬತ್ತೂ ಒಬ್ಬಳೇ ಅಜ್ಜಿ. ಇದು ಮಕ್ಕಳ ತಪ್ಪಲ್ಲ, ನಾವು ಕೊಟ್ಟ ಅಚ್ಚು. ಶಬ್ದಭಂಡಾರ ಕಡಿಮೆ, ಅದಕ್ಕೇ ಹೀಗೆ ಎಂದು ಪೋಷಕರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮಂಗಮ್ಮನ ಮಾತಿನಲ್ಲಿ ಕಷ್ಟದ ಶಬ್ದ ಎಷ್ಟಿವೆ?

ಮುಂದಿನ ಭಾನುವಾರ ಮಂಗಮ್ಮನ ಕಥೆಯನ್ನು ಓದಿ ಹೇಳಿದೆ. ಅತ್ತೆ ಸೊಸೆ ಯಾಕೆ ಜಗಳವಾಡುತ್ತಾರೆ ಎಂಬುದು ಅವರಿಗೆ ಅಷ್ಟು ಹಿಡಿಸಲಿಲ್ಲ, ಕಾಗೆ ಹಿಡಿಸಿತು. ನೀತಿ ಕೇಳಲಿಲ್ಲ. ಕೇಳಿದ್ದು, ನಿಮ್ಮ ಅಜ್ಜಿ ಮಾಡುವ, ಬೇರೆ ಯಾರ ಅಜ್ಜಿಯೂ ಮಾಡದ ಒಂದು ಕೆಲಸ ಯಾವುದು? 'ಒಳ್ಳೆಯ', 'ತುಂಬಾ', 'ಪ್ರೀತಿ' ಎಂಬ ಮೂರು ಪದಗಳನ್ನು ಬಳಸುವಂತಿಲ್ಲ. ಮೊದಲು ಗಲಾಟೆ, ಆಮೇಲೆ ಪೆನ್ಸಿಲ್ ಕಚ್ಚುತ್ತಾ ಕುಳಿತರು. ಒಬ್ಬ ಹುಡುಗ, ಅವನ ಅಜ್ಜಿ ಇಲ್ಲಿಂದ ವಾಪಸು ಹೋಗುವಾಗ ಖಾಲಿ ಮೊಸರಿನ ಡಬ್ಬಿಗಳನ್ನೆಲ್ಲ ತೊಳೆದು ಒಂದರೊಳಗೊಂದು ಸೇರಿಸಿ ಸೂಟ್‌ಕೇಸಿನಲ್ಲಿ ಒಯ್ಯುತ್ತಾರೆ ಎಂದು ಬರೆದ. (ಅವನ ತಾಯಿ ಇದನ್ನು ಸೂವನೀರಿನಲ್ಲಿ ಹಾಕಬೇಡಿ ಎಂದರು. ಎಲ್ಲರ ಅಮ್ಮಂದಿರೂ ಒಯ್ಯುತ್ತಾರೆ ಎಂದು ಸಮಾಧಾನ ಹೇಳಿ ಒಪ್ಪಿಸಿದ್ದೇನೆ.)

ಇನ್ನೊಂದು ಹುಡುಗಿ ತರಗತಿಯಲ್ಲಿ ಬಾಯಿ ಬಿಡುವವಳೇ ಅಲ್ಲ. ಕನ್ನಡದಲ್ಲಿ ಎಲ್ಲರಿಗಿಂತ ಹಿಂದೆ. ಅವಳು ನಾಲ್ಕು ಸಾಲು ಬರೆದಿದ್ದಳು. ಅಜ್ಜಿ ವಿಡಿಯೋ ಕಾಲ್ ಮಾಡುವಾಗ ಫೋನನ್ನು ಬಹಳ ಹತ್ತಿರ ಹಿಡಿಯುತ್ತಾರೆ. ನನಗೆ ಅಜ್ಜಿಯ ಅಣೆ ಕಾಣುತ್ತದೆ, ಕುಂಕುಮ ಕಾಣುತ್ತದೆ, ಮೇಲೆ ಫ್ಯಾನ್ ಕಾಣುತ್ತದೆ. ಈಗ ಕುಂಕುಮ ಇಲ್ಲ. ಫ್ಯಾನ್ ಇದೆ.

ಆ ಕುಟುಂಬದಲ್ಲಿ ಆ ವರ್ಷ ಏನಾಗಿತ್ತು ಎಂದು ನಮಗೆ ಗೊತ್ತಿತ್ತು. ನನ್ನ ಜೊತೆ ಪಾಠ ಮಾಡುವವರು ಕೆಂಪು ಪೆನ್ನು ತೆಗೆದುಕೊಂಡು, 'ಅಣೆ' ತಪ್ಪು ಎಂದು ತೋರಿಸಿ, ಕೊನೆಗೆ ತಾತನವರ ಬಗ್ಗೆಯೂ ಎರಡು ಸಾಲು ಸೇರಿಸು ಎಂದು ಬರೆಯಲೆ ಎಂದು ನನ್ನನ್ನು ಕೇಳಿದರು. ಹಕಾರ ತಿದ್ದಿ, ಬೇರೆ ಏನನ್ನೂ ಮುಟ್ಟಬೇಡಿ ಎಂದೆ.